ಲಿಂಗಸುಗೂರಿನ ಹ್ಯಾರಿಯೆಟ್

೧೯೮೯ರಲ್ಲಿ ನಾನು ಶಾಲೆ ಬಿಟ್ಟೆ. ಆಗ ಏಳನೆಯ ತರಗತಿ. ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು ಈ ಹುಡುಗನಿಂದ ಆಗುವ ಕೆಲಸವಲ್ಲ ಎಂಬ ವಿಷಯದಲ್ಲಿ ನಮ್ಮ ಮಾಸ್ತರರಿಗೂ ನನಗೂ ಭಿನ್ನಾಭಿಪ್ರಾಯವಿರಲಿಲ್ಲ. ಅವರು ಬೋರ್ಡಿನ ಕಡೆ ತಿರುಗಿದರು, ನಾನು ವೆಲ್ಡಿಂಗ್ ಅಂಗಡಿಯ ಕಡೆ ತಿರುಗಿದೆ. ಇದನ್ನು ತಲೆ ತಗ್ಗಿಸಿಕೊಂಡು ಹೇಳುತ್ತಿಲ್ಲ. ನನ್ನ ಕೈಯ ಗೇಟಾಗಲಿ ಗ್ರಿಲ್ಲಾಗಲಿ ಇಲ್ಲದ ಓಣಿಯೊಂದನ್ನು ಸಿಂಧನೂರಿನಲ್ಲಿ ತೋರಿಸಿ, ಅಲ್ಲಿಗೆ ಪುಕ್ಕಟೆ ಒಂದು ಮಾಡಿಕೊಡುತ್ತೇನೆ! ನನ್ನ ಗೇಟು ಜೋತುಬೀಳುವುದಿಲ್ಲ, ಕಿರ್ರೆನ್ನುವುದಿಲ್ಲ. ಒಮ್ಮೆ ಅಳತೆ ತೆಗೆದುಕೊಂಡೆನೆಂದರೆ ಅದೇ ಅಳತೆ. ಬೆಳಿಗ್ಗೆ ಒಂದು, ಸಂಜೆ ಇನ್ನೊಂದು ಅಂತಿಲ್ಲ.

ಇಂಥ ನನ್ನನ್ನು ದೇವರು ಎಂಥವರ ಅಳಿಯನನ್ನಾಗಿ ಮಾಡಿದ ನೋಡಿ! ನಮ್ಮ ಮಾವನವರು ಹುಟ್ಟಿದಾಗಿನಿಂದ ಒಂದು ಪ್ರಶ್ನೆಗೆ ಎರಡು ಸಲ ಒಂದೇ ಉತ್ತರ ಕೊಟ್ಟವರಲ್ಲ. ಅವರು ಸುಳ್ಳು ಹೇಳುತ್ತಾರೆ ಎಂದು ನಾನು ಬರೆಯಲಾರೆ, ಯಾಕೆಂದರೆ ಇದನ್ನು ಅವರ ಮಗಳು ಓದುತ್ತಾಳೆ. ಸುಳ್ಳಲ್ಲ. ದರ್ಜಿ ಅಂಗಿ ಹೊಲಿಯುತ್ತಾನಲ್ಲ, ಹಾಗೆ. ಕೇಳುವವನು ಯಾರು, ಅವನ ಎದೆ ಎಷ್ಟು ಅಗಲ, ಕುತ್ತಿಗೆ ಎಷ್ಟು ದಪ್ಪ ಎಂದು ನೋಡಿಕೊಂಡು ಅವನಿಗೆ ಸರಿಹೊಂದುವಂತೆ ಒಂದು ಉತ್ತರವನ್ನು ಕತ್ತರಿಸಿ, ಗುಂಡಿ ಹಚ್ಚಿ ಕೊಡುತ್ತಾರೆ. ಹಾಕಿಕೊಂಡವನು ಖುಷಿಯಿಂದ ಹೋಗುತ್ತಾನೆ.

ಲಿಂಗಸುಗೂರಿನಲ್ಲಿ ಅವರದೊಂದು ಸೈಕಲ್ ಅಂಗಡಿ ಇತ್ತು. ಹಿಂದಿನ ಕಾಲದಲ್ಲಿ ಆ ಊರಿನಲ್ಲಿ ಬಿಳಿ ಸಿಪಾಯಿಗಳು ಠಾಣ್ಯ ಹೂಡಿದ್ದರಂತೆ. ಅವರು ಹೋದರು, ಅವರ ಸತ್ತವರು ಉಳಿದರು. ಅಂಗಡಿಯ ಹಿಂದಿನ ಆ ಜಾಗಕ್ಕೆ ಜನ ‘ದೊರೆಗಳ ಗೋರಿ’ ಎನ್ನುತ್ತಾರೆ. ಮಾವನವರ ಎಮ್ಮೆಗೆ ಹುಲ್ಲು ಬರುತ್ತಿದ್ದುದು ಅಲ್ಲಿಂದಲೇ. ‘ನಿನ್ನೆ ಯಾಕ್ರೀ ಅಂಗಡಿ ಬಂದ್?’ ಎಂದು ಪೋಸ್ಟ್‌ಮನ್ ಕೇಳಿದರೆ ಮಾವನವರಿಗೆ ನಿನ್ನೆ ಜ್ವರ. ಅದೇ ಬೆಂಚಿನ ಮೇಲೆ ಕೂತ ಪೊಲೀಸಪ್ಪ ಕೇಳಿದರೆ ಮಸ್ಕಿಯಲ್ಲಿ ಮದುವೆ. ಇಬ್ಬರೂ ಒಟ್ಟಿಗೇ ಕೇಳಿದರೆ ಮದುವೆಯಲ್ಲಿ ಜ್ವರ!

ಇದೆಲ್ಲ ಇರಲಿ, ಸಹಿಸಬಹುದು. ಆದರೆ ಸುತ್ತಲಿನ ಮೂರು ತಾಲೂಕಿನ ಜನ ಅವರನ್ನು ಅತಿ ಹೆಚ್ಚು ಕೇಳಿದ ಪ್ರಶ್ನೆ ಬೇರೆಯೇ. ಆ ಪ್ರಶ್ನೆಯ ಗಂಡ ನಾನು.

ನನ್ನ ಹೆಂಡತಿಯ ಹೆಸರು ಹ್ಯಾರಿಯೆಟ್.

ನಕ್ಕುಬಿಡಿ, ಆಮೇಲೆ ಮುಂದೆ ಓದಿ. ನಾವು ಸೋಮವಾರ ಒಪ್ಪತ್ತು ಮಾಡುವ, ಹಣೆಗೆ ವಿಭೂತಿ ಇಲ್ಲದೆ ಅನ್ನ ಮುಟ್ಟದ ಮನೆತನದವರು. ಓಣಿಯ ತುದಿಯಲ್ಲಿ ನಿಂತು ‘ಅಮರಮ್ಮಾ’ ಎಂದು ಕೂಗಿದರೆ ಅರ್ಧ ಓಣಿ ‘ಓ’ ಎನ್ನುವ ಊರು ಅದು. ಅಂಥಲ್ಲಿ ಒಬ್ಬಳು ಹ್ಯಾರಿಯೆಟ್! ಎಲ್ಲಿಂದ ಬಂತು? ಏನು ಅರ್ಥ? ಯಾರು ಇಟ್ಟರು?

ನಾನು ಹೆಣ್ಣು ನೋಡಲು ಹೋದ ದಿನ ನಮ್ಮಪ್ಪನೂ ಇದನ್ನೇ ಕೇಳಿದ. ನಮ್ಮಪ್ಪ ದಢೇಸುಗೂರಿನ ಕಡೆ ಕಾಲುವೆಯ ತೂಬಿನಿಂದ ಗದ್ದೆಗಳಿಗೆ ನೀರು ಬಿಡುವ ಕೆಲಸದಲ್ಲಿದ್ದವನು. ಅವನಿಗೆ ಇಂಜಿನಿಯರ್ ಎಂದರೆ ದೇವರಿಗಿಂತ ಒಂದು ಮೆಟ್ಟಿಲು ಮೇಲೆ. ಮಾವನವರು ಅವನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಅಂದರು:

“ಡ್ಯಾಮ್ ಕಟ್ಟಾಕ ಬಂದಿದ್ದ ದೊಡ್ಡ ಇಂಜಿನಿಯರ್ ಸಾಹೇಬ್ರ ಹೆಂಡ್ತಿ ಹೆಸರ್ರೀ ಅದು. ಮೊದಲ ಸಲ ಕಾಲುವೀಗೆ ನೀರು ಬಿಟ್ಟಾಗ ಗುಂಡಿ ಒತ್ತಿದಾಕಿ ಆಕೀನ.”

ನಮ್ಮಪ್ಪ ಕಾಲುವೆ ಇರುವ ದಿಕ್ಕಿಗೆ ತಿರುಗಿ ಕೈ ಮುಗಿದ. ಲಗ್ನ ಗಟ್ಟಿಯಾಯಿತು!

ಮದುವೆಯ ದಿನ ಐನಾರು ಕನ್ಯೆಯ ಹೆಸರು ಕೇಳಿ ಮಂತ್ರ ನಿಲ್ಲಿಸಿದರು. “ಇದೆಂಥಾ ಹೆಸರ್ರೀ? ಇದನ್ನ ಹೆಂಗ ಹೇಳಲಿ ನಾ?” ಮಾವನವರು ಬಗ್ಗಿ ಅವರ ಕಿವಿಯಲ್ಲಿ, “ಹರ ಮತ್ತ ಇಷ್ಟ, ಎರಡು ಕೂಡಿಸ್ರಿ ಐನಾರ. ಹರನಿಗೆ ಇಷ್ಟ ಆದಾಕಿ. ಬಿಳಿಯರ ಬಾಯಿಗೆ ಸಿಕ್ಕು ಹಿಂಗ ಆಗೇತಿ” ಅಂದರು. ಐನಾರು ಕಣ್ಣರಳಿಸಿ, ಅದಕ್ಕೆಂದೇ ಇನ್ನೊಂದು ಹಿಡಿ ಅಕ್ಷತೆ ಹೆಚ್ಚಿಗೆ ಹಾಕಿದರು.

ಅಂಗಡಿಯ ಪಕ್ಕದಲ್ಲಿ ಗಡಿಯಾರ ರಿಪೇರಿ ಮಾಡುವ ಸಾಬರೊಬ್ಬರಿದ್ದರು, ಮಾವನವರ ಜೀವದ ಗೆಳೆಯ. ಅವರಿಗೆ ಹೇಳಿದ್ದು, ಅದು ಮಿಸರ, ಅಂದರೆ ಈಜಿಪ್ಟ್ ದೇಶದ ಒಬ್ಬ ಬೇಗಮ್ಮಳ ಹೆಸರು ಎಂದು. “ಅರೆ ಭಾಯ್, ಹಮ್ಕು ನೈ ಮಾಲೂಮ್ ಸೋ ಬೇಗಂ ತುಮ್ಕು ಕೈಸಾ ಮಾಲೂಮ್?” ಎಂದು ಅವರು ಕೇಳಿದರು. ನಮಗೇ ಗೊತ್ತಿಲ್ಲದ ಬೇಗಮ್ಮ ನಿನಗೆ ಹೇಗೆ ಗೊತ್ತಪ್ಪ ಎಂದು. ಮಾವನವರು ಒಂಚೂರೂ ಅಳುಕದೆ, “ನೀವು ಮರತೀರಿ, ನಾವು ನೆನಪಿಟ್ಟೀವಿ” ಅಂದರಂತೆ!

ಮಗಳ ವಿಷಯದಲ್ಲಿ ಅವರ ತಲೆ ಇನ್ನೊಂದು ಕಡೆಯೂ ಹೀಗೇ ಓಡುತ್ತಿತ್ತು. ನಾಗರಪಂಚಮಿ ಬಂತೆಂದರೆ ಅವಳಿಗೆ ಬಳೆ ತರುತ್ತಿದ್ದರು. ಇದ್ದವಳು ಒಬ್ಬಳೇ ಮಗಳು, ಆದರೆ ಬಳೆ ಮಾತ್ರ ಎರಡು ಜೊತೆ. ಅದೇ ಬಣ್ಣ, ಅದೇ ಅಳತೆ. ಯಾಕೆ ಎಂದರೆ ಒಂದು ವರ್ಷ “ಒಡದ್ರ ಇರಲಿ ಅಂತ”, ಮತ್ತೊಂದು ವರ್ಷ “ಬಳಿಗಾರ ಚಿಲ್ಲರ ಇಲ್ಲ ಅಂದ.” ಎರಡನೆಯ ಜೊತೆ ಎಲ್ಲಿ ಹೋಗುತ್ತಿತ್ತೋ ಯಾರಿಗೂ ತಿಳಿಯದು. ಮದುವೆಯಾದ ಮೇಲೂ ಇದು ತಪ್ಪಲಿಲ್ಲ. ಅತ್ತೆಯವರು ತೀರಿಕೊಂಡ ವರ್ಷ ಕೂಡ, ಆ ದುಃಖದಲ್ಲೂ, ಎರಡು ಜೊತೆ! ಸೈಕಲ್ಲಿಗೆ ಎರಡು ಗಾಲಿ ಹಾಕಿ ಹಾಕಿ ರೂಢಿಯಾಗಿರಬೇಕು ಎಂದು ನಾವು ನಕ್ಕು ಸುಮ್ಮನಾಗಿದ್ದೆವು.

ಈಗ ನನ್ನ ನಿದ್ದೆ ಕೆಟ್ಟ ಕಥೆಗೆ ಬರುತ್ತೇನೆ.

ನಮ್ಮ ಮಗಳಿಗೆ ಗಂಡು ಗೊತ್ತುಮಾಡುತ್ತಿದ್ದೆವು. ಹುಡುಗನ ಊರು ಪಾಮನಕಲ್ಲೂರು, ಹೊಲ ಇದ್ದ ಮನೆತನ. ಹುಡುಗ ಮಸ್ಕಿಯಲ್ಲಿ ಸುಟ್ಟ ಮೋಟಾರಿಗೆ ತಂತಿ ಸುತ್ತಿಕೊಡುವ ಅಂಗಡಿ ಇಟ್ಟಿದ್ದಾನೆ. ಕೈಕೆಲಸದವನು! ನನಗೆ ಮೊದಲ ನೋಟಕ್ಕೇ ಹಿಡಿಸಿದ. ಮಗಳಿಗೆ ನನಗಿಂತ ಮೊದಲೇ ಹಿಡಿಸಿದ್ದನೆಂದು ಕಾಣುತ್ತದೆ. ಹಿಂದಿನ ಗಂಡುಗಳು ಬಂದಾಗ ಚಹಾ ತರಲು ಅವಳನ್ನು ಒಳಗಿನಿಂದ ಎಳೆದು ತರಬೇಕಾಗಿತ್ತು. ಈ ಸಲ ಕರೆಯುವ ಮೊದಲೇ ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು.

ಒಂದು ಬೆಳಿಗ್ಗೆ ಈ ಸಂಬಂಧ ತಂದಿದ್ದ ಬಳಗಾನೂರಿನ ನಮ್ಮ ದೂರದ ಬೀಗ ಫೋನು ಮಾಡಿದ.

“ಅಣ್ಣಾರ, ಕೆಲಸ ಕೆಟ್ಟೈತಿ.”

“ಯಾಕೋ?”

“ನಿಮ್ಮ ಮನ್ಯಾಕಿ ಹೆಸರು! ಅವರ ಒಬ್ಬ ಸಂಬಂಧಿಕಗ ಇಂಜಿನಿಯರನ ಹೆಂಡ್ತಿ ಕಥಿ ಗೊತ್ತೈತಿ. ಇನ್ನೊಬ್ಬಗ ಹರನಿಗೆ ಇಷ್ಟದ ಕಥಿ. ಮಸ್ಕಿ ಸಂತಿಯೊಳಗ ಯಾರೋ ಬೇಗಂ ಅಂದಾರ. ಒಂದು ಹೆಸರಿಗೆ ಮೂರು ಕಥಿ ಯಾಕ, ಏನೋ ಮುಚ್ಚಿ ಇಡತಾರ ಅಂತ ಹುಡುಗನ ಅಜ್ಜಿಗೆ ಸಂಶಯ ಬಂದೈತಿ. ಹುಡುಗಿ ತಾಯಿ ನಿಮ್ಮ ಮಾವನ ಹೊಟ್ಟಿಯಾಗ ಹುಟ್ಟಿದಾಕೀನೋ, ಎಲ್ಲಿಂದರ ತಂದ ಕೂಸೋ ಅಂತ ಕೇಳಾಕತ್ತಾಳ. ಸೋಮವಾರ ಬರತಾರ. ಸರಿಯಾದ ಉತ್ತರ ಸಿಕ್ರ ಉಡಿ ತುಂಬತಾರ, ಇಲ್ಲಾಂದ್ರ ಕಾಯಿ ವಾಪಸ್.”

ಅಂಗಡಿಯಲ್ಲಿ ಅಂದು ಒಂದು ಕಿಟಕಿಯನ್ನು ತಲೆಕೆಳಗಾಗಿ ಬೆಸೆದೆ. ಇಷ್ಟು ವರ್ಷದಲ್ಲಿ ಮೊದಲ ಸಲ! ಮನೆಗೆ ಬಂದರೆ ಮಗಳು ಊಟ ಮಾಡಿರಲಿಲ್ಲ. ಹೆಂಡತಿ ಮಾತ್ರ ಬೇಳೆ ಆರಿಸುತ್ತ ಕೂತಿದ್ದಳು.

“ನಿನಗ ಏನರ ಗೊತ್ತೈತೇನು? ಖರೇ ಹೇಳು.”

“ನಮ್ಮಪ್ಪ ನನಗ ಹೇಳಿದ್ದು ನಿಮಗ ಹೇಳಿದ್ದಕ್ಕಿಂತ ಬ್ಯಾರೆ ಐತ್ರೀ” ಎಂದಳು. “ಸಣ್ಣಾಕಿ ಇದ್ದಾಗ ಅದು ಒಂದು ಚಿಕ್ಕಿ ಹೆಸರು ಅಂದಿದ್ದ. ಆಕಾಶದಾಗ ಯಾವ ಚಿಕ್ಕಿ ಅಂದ್ರ, ದಿನಕ್ಕೊಂದು ತೋರಿಸತಿದ್ದ.”

ಆಗ ಮಗಳು ಮೊಬೈಲು ತೆಗೆದು ಹುಡುಕತೊಡಗಿದಳು. ಅಳು ಹತ್ತಿಕ್ಕಿದ ದನಿಯಲ್ಲಿ ಓದಿ ಹೇಳಿದಳು. ಅದು ಹಳೆಯ ಜರ್ಮನ್ ಮೂಲದ ಗಂಡು ಹೆಸರಿನಿಂದ ಹೊರಟಿದ್ದಂತೆ, ಆ ಹೆಸರೇ ಇಂಗ್ಲಿಷಿನಲ್ಲಿ ಹೆನ್ರಿ ಆಯಿತಂತೆ. ಫ್ರೆಂಚರು ಅದಕ್ಕೆ ಹೆಣ್ಣು ರೂಪ ಕೊಟ್ಟರಂತೆ, ಇಂಗ್ಲಿಷರು ಅದನ್ನು ತಮ್ಮ ನಾಲಗೆಗೆ ತಿದ್ದಿಕೊಂಡು ಹ್ಯಾರಿಯೆಟ್ ಮಾಡಿದರಂತೆ. ಅರ್ಥ: ಮನೆಯನ್ನು ಆಳುವವಳು.

“ಇದನ್ನ ತಿಳಕೊಳ್ಳಾಕ ಮೊಬೈಲ್ ಬೇಕಿತ್ತೇನು?” ಎಂದೆ ನಾನು. ಯಾರೂ ನಗಲಿಲ್ಲ. ನನಗೂ ನಗು ಬರಲಿಲ್ಲ. ಅರ್ಥವೇನೋ ಸಿಕ್ಕಿತು, ಆದರೆ ಜರ್ಮನ್ನರಿಂದ ಹೊರಟದ್ದು ಲಿಂಗಸುಗೂರಿನ ಸೈಕಲ್ ಅಂಗಡಿಗೆ ಹೇಗೆ ಬಂತು ಎಂದು ಅಜ್ಜಿ ಕೇಳಿದರೆ?

ಮಾವನವರನ್ನು ಸಿಂಧನೂರಿಗೆ ಕರೆತಂದು ಮುಂದೆ ಕೂಡ್ರಿಸಿಕೊಂಡೆ. ಖರೇ ಏನು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಕೇಳಿದರೆ ಐದನೆಯ ಕಥೆ ಹುಟ್ಟುತ್ತಿತ್ತು! ನಾನೇ ಒಂದನ್ನು ಗಟ್ಟಿಯಾಗಿ ಬೆಸೆದು ಅವರ ಕೈಗಿಟ್ಟೆ.

“ಮಾವಾರ, ಒಂದೇ ಮಾತು. ಹೆರಿಗಿ ಮಾಡಿಸಿದ ನರ್ಸಮ್ಮನ ಹೆಸರು, ಆಕಿ ಉಪಕಾರಕ್ಕ ಇಟ್ವಿ. ಅಷ್ಟ.”

“ಆತು ಅಳಿಯಾರ.”

“ಒಮ್ಮಿ ಹೇಳ್ರಿ ನೋಡೂಣು.”

“ಹೆರಿಗಿ ಮಾಡಿಸಿದ ನರ್ಸಮ್ಮನ ಹೆಸರ್ರೀ. ಆಕಿ ಕುದುರಿ ಮ್ಯಾಲೆ ಬಂದಿದ್ಲು.”

“ಕುದುರಿ ಬ್ಯಾಡ ಮಾವಾರ!”

“ಮಳಿಗಾಲ ಅಳಿಯಾರ. ಹಳ್ಳ ಬಂದಿತ್ತು. ನಡಕೋಂತ ಹೆಂಗ ಬರತಾಳ, ನೀವ ಹೇಳ್ರಿ?”

ಭಾನುವಾರ ಸಂಜೆಯ ಹೊತ್ತಿಗೆ ಕುದುರೆ ಇಳಿದಿತ್ತು, ಆದರೆ ನರ್ಸಮ್ಮನಿಗೆ ಕೊಡೆಯೂ ಒಂದು ನಾಯಿಯೂ ಬಂದಿದ್ದವು. ಅವರ ಹಲ್ಲಿನ ಸೆಟ್ಟು ಬಟ್ಟಲಿನಲ್ಲಿ ತೇಲುತ್ತಿದ್ದುದನ್ನು ನೋಡಿ, ಇದನ್ನೇ ನಾಳೆಯ ಮಟ್ಟಿಗೆ ಎತ್ತಿಟ್ಟರೆ ಹೇಗೆ ಎಂದು ನಾನು ಬಹಳ ಹೊತ್ತು ಯೋಚಿಸಿದೆ. ಹಲ್ಲಿಲ್ಲದೆಯೂ ಅವರು ಮಾತಾಡಬಲ್ಲರು ಎಂದು ನೆನಪಾಗಿ ಬಿಟ್ಟೆ.

ಸೋಮವಾರ ಕ್ರೂಸರ್ ಗಾಡಿ ಮನೆ ಮುಂದೆ ನಿಂತಿತು. ಎಲ್ಲರಿಗಿಂತ ಮೊದಲು ಇಳಿದವಳು ಅಜ್ಜಿ. ಕಡ್ಡಿಯಂಥ ಮೈ, ಕಾಸಗಲ ಕುಂಕುಮ. ನನ್ನ ಗೇಟನ್ನು ಎರಡು ಸಲ ತೆಗೆದು ಹಾಕಿ ನೋಡಿ, “ಸಪ್ಪಳಿಲ್ಲ” ಎಂದಳು. ನನಗೆ ಒಂದಿಷ್ಟು ಜೀವ ಬಂತು. ಮಂಡಕ್ಕಿಯ ಸೂಸಲ, ಮಿರ್ಚಿ, ಚಹಾ ಆಯಿತು. ಹೂವು, ಹಣ್ಣು, ತೆಂಗಿನಕಾಯಿಯ ತಟ್ಟೆ ಅವರ ಕಡೆಯೇ ಇತ್ತು, ಇನ್ನೂ ನಮ್ಮ ಕಡೆ ಸರಿದಿರಲಿಲ್ಲ. ನನ್ನ ಕಣ್ಣು ಅದರ ಮೇಲೆಯೇ. ಬಾಗಿಲ ಹಿಂದೆ ಮಗಳ ಬಳೆಯ ಸಪ್ಪಳ ನಿಂತುಹೋಗಿತ್ತು.

“ಹುಡುಗಿ ಮಾತು ಬಿಡ್ರಿ, ಹುಡುಗಿ ಚಲೋ ಅದಾಳ,” ಎಂದಳು ಅಜ್ಜಿ. “ಹುಡುಗಿ ಅವ್ವನ ಹೆಸರು ಎಲ್ಲಿಂದ ತಂದ್ರಿ, ಅದನ್ನ ಹೇಳ್ರಿ. ನಿಮ್ಮ ಬಾಯಿಲೆ ಕೇಳಬೇಕು ಅಂತ ಬಂದೀನಿ.”

ಮಾವನವರು ಗಂಟಲು ಸರಿಮಾಡಿಕೊಂಡರು. ನರ್ಸು, ನರ್ಸು, ನರ್ಸು ಎಂದು ನಾನು ಮನಸ್ಸಿನಲ್ಲೇ ಜಪಿಸತೊಡಗಿದೆ. ಅವರು ತಮ್ಮ ಪದ್ಧತಿಯಂತೆ ಗಿರಾಕಿಯ ಅಳತೆ ತೆಗೆಯಲು ಹೊರಟರು.

“ಹೇಳತೀನ್ರಿ ಅಕ್ಕಾರ. ನಿಮ್ಮ ಹೆಸರೇನ್ರಿ?”

“ತಿಪ್ಪವ್ವ.”

ಮಾವನವರ ಬಾಯಿ ತೆರೆದದ್ದು ಹಾಗೆಯೇ ನಿಂತಿತು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ಹುಟ್ಟಿದ ಕೂಸುಗಳು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಹಾಕುತ್ತಾರೆ. ಇದು ಯಾರಿಗೂ ಬೇಡವಾದದ್ದು ಎಂದು ಸಾವಿಗೆ ಅನ್ನಿಸಲಿ ಎಂದು. ಅಂಥ ಕೂಸಿನ ಹೆಸರು ತಿಪ್ಪಣ್ಣ, ಇಲ್ಲವೆ ತಿಪ್ಪವ್ವ.

“ನಿಮಗಿಂತ ಮೊದಲ ಎಷ್ಟು ಹೋಗಿದ್ವು ಅಕ್ಕಾರ?” ಎಂದರು ಮಾವನವರು. ಅಂಥ ದನಿಯನ್ನು ನಾನು ಅವರಿಂದ ಕೇಳಿರಲಿಲ್ಲ.

“ಮೂರು. ಮಗ್ಗಲ ಮನ್ಯಾಕಿ ನನ್ನ ತಿಪ್ಪಿ ಮ್ಯಾಲಿಂದ ಎತ್ತಿಕೊಂಡು ಬಂದು, ಒಂದು ಮೊರ ತೌಡಿಗೆ ನಮ್ಮವ್ವಗ ಮಾರಿದ್ಲಂತ. ತೌಡಿನ ಕಿಮ್ಮತ್ತಿನಾಕಿ ನಾ!” ಅಜ್ಜಿ ನಕ್ಕಳು.

“ನಮ್ಮವು ಎರಡು” ಎಂದರು ಮಾವನವರು.

ನಾನು ಹೆಂಡತಿಯ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ಅವಳಿಗೂ ಇದು ಗೊತ್ತಿರಲಿಲ್ಲ.

“ಮೊದಲನೇದಕ್ಕ ಅಮರಮ್ಮ ಅಂತ ಇಟ್ಟಿದ್ವಿ. ಸಾವಿಲ್ಲದಾಕಿ ಅಂತ ಅರ್ಥ ಅದಕ್ಕ. ಚಳಿಗಾಲ ದಾಟಲಿಲ್ಲ. ಎರಡನೇದಕ್ಕ ನಮ್ಮವ್ವನ ಹೆಸರು. ಅದೂ ಹೋತು. ಮೂರನೇದು ಹೊಟ್ಟ್ಯಾಗ ಇದ್ದಾಗ ನಾ ಎಮ್ಮಿಗೆ ಹುಲ್ಲು ಕೊಯ್ಯಾಕ ದೊರೆಗಳ ಗೋರಿಗೆ ಹೋಗಿದ್ದೆ. ಅಲ್ಲೊಂದು ಸಣ್ಣ ಕಲ್ಲು, ಹುಲ್ಲಾಗ ಮುಚ್ಚಿತ್ತು. ಪಂಚರ್ ಹಾಕಿಸಾಕ ಬಂದಿದ್ದ ಒಬ್ಬ ಮಾಸ್ತರನ್ನ ಕರಕೊಂಡು ಹೋಗಿ ಓದಿಸಿದೆ. ಹ್ಯಾರಿಯೆಟ್ ಅಂತ, ಎಂಟು ತಿಂಗಳ ಕೂಸಂತ ಅಂದ್ರು. ಮಾಸ್ತರ್ ಹೋದ್ರು, ನಾ ಅಲ್ಲೇ ಕುಂತೆ. ಎಂಟು ತಿಂಗಳಾಗ ಎಷ್ಟು ಸಲ ಕರದಿದ್ದಾರು ಆ ಹೆಸರು ಹಿಡದು? ಹೊಸಾದು ಹೊಸಾದ ಉಳದೈತಿ. ಮತ್ತ, ಸಾವು ಆಗಲೇ ಬಂದು ಆ ಹೆಸರಿಗೆ ಹಾಜರಿ ಹಾಕಿಕೊಂಡು ಹೋಗೇತಿ. ಒಮ್ಮಿ ಹಾಜರಿ ಆದ ಹೆಸರನ್ನ ಮತ್ತ ಕೂಗತಾರೇನ್ರೀ ಅಕ್ಕಾರ?”

ಮಾವನವರು ನನ್ನ ಹೆಂಡತಿಯ ಕಡೆ ಕೈ ತೋರಿಸಿದರು.

“ಗೋರಿ ಮ್ಯಾಲಿನ ಹೆಸರು ಅಂದ್ರ ಈಕಿನ ಯಾರು ಮಾಡಿಕೊಳ್ಳತಿದ್ರು? ಅದಕ್ಕ ಕೇಳಿದವರಿಗೆ ಒಂದೊಂದು ಹೇಳಿಕೋಂತ ಬಂದೆ. ಆದ್ರ ಹೆಸರು ಪುಕ್ಕಟೆ ತಂದಿಲ್ರೀ. ಪಂಚಮಿಗೆ ಈಕಿಗೆ ಬಳಿ ತಂದಾಗ ಆ ಕಲ್ಲಿನ ಮ್ಯಾಲೆ ಒಂದು ಜೊತಿ ಇಟ್ಟು ಬರತೀನಿ. ಇದೇ ಅಳತಿ. ಈಕಿ ಕೈ ಬೆಳದಂಗ ಆಕಿ ಕೈನೂ ಬೆಳದಿರತೈತಲ್ರೀ.”

ನನ್ನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆ ಹಿಡಿದಳು. ಆದರೆ ನಾನು? ನನ್ನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ಶುಭಕಾರ್ಯ, ಹೂವು ಹಣ್ಣಿನ ಮುಂದೆ, ಗೋರಿಯ ಮಾತು! ಹುಡುಗನ ಅಪ್ಪ ಚಹಾದ ಕಪ್ಪು ಕೆಳಗಿಟ್ಟು ತನ್ನ ತಮ್ಮನ ಕಡೆ ನೋಡಿದ. ಬಳಗಾನೂರಿನ ಬೀಗ ಸುಮ್ಮಸುಮ್ಮನೆ ಕೆಮ್ಮಿದ. ಕಾಯಿ ವಾಪಸ್, ಮುಗಿಯಿತು. ಕುದುರೆಯ ಮೇಲಿನ ನರ್ಸಮ್ಮನೇ ಸಾವಿರ ಪಾಲು ಮೇಲಿದ್ದಳಲ್ಲ! ಬೇಕಾದರೆ ಎರಡು ಕುದುರೆ ಹೂಡಲು ಬಿಡುತ್ತಿದ್ದೆ!

ಅಜ್ಜಿ ಮೊಣಕಾಲ ಮೇಲೆ ಕೈ ಊರಿ ಎದ್ದಳು. ಮಗನ ಮುಖ ನೋಡಿದಳು.

“ಏನ್ ನೋಡತೀ ಲೇ? ತಿಪ್ಪಿ ಮ್ಯಾಲಿನಾಕಿ ಮಗ ನೀ! ನನಗ ತಿಪ್ಪಿ, ಆಕಿಗೆ ಗೋರಿ. ಎರಡೂ ಕಡೆ ಸಾವು ಮೋಸ ಹೋಗೇತಿ. ಇದಕ್ಕಿಂತ ಗಟ್ಟಿ ಬೀಗತನ ನಿನಗೆಲ್ಲಿ ಸಿಗತೈತೋ? ಕೊಡು ಆ ತಟ್ಟಿ ಇಲ್ಲಿ!”

ಆಮೇಲೆ ಬಾಗಿಲ ಕಡೆ ತಿರುಗಿ, “ಬಾ ಬೇ ಹುಡುಗಿ. ನೀನೂ ಬಾ ನಮ್ಮವ್ವ, ಹ್ಯಾರಿಯವ್ವ. ಇಬ್ಬರಿಗೂ ಉಡಿ ತುಂಬತೀನಿ” ಎಂದಳು.

ಉಡಿಯಲ್ಲಿ ಅಕ್ಕಿ, ಕಾಯಿ ಹಿಡಿದುಕೊಂಡೇ ನನ್ನ ಮಗಳು ಬಂದು ಮಾವನವರ ಪಕ್ಕದಲ್ಲಿ ಕೂತಳು.

“ತಾತ, ಅದರ ಅರ್ಥ ಗೊತ್ತೈತೇನು ನಿನಗ? ಮನಿ ಆಳಾಕಿ ಅಂತ.”

ಮಾವನವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿಕೊಂಡರು. ಆಮೇಲೆ ಅಂದರು, “ಆ ಕೂಸಿಗೆ ಆಳಾಕ ಮನಿ ಸಿಗಲಿಲ್ಲ ನೋಡು.”

ಮದುವೆಯಾಯಿತು. ಈ ಸಲದ ಪಂಚಮಿಗೆ ಮಗಳು ಮಸ್ಕಿಯಿಂದ ತವರಿಗೆ ಬಂದಳು. ಮಾವನವರು ಬಳೆ ತಂದರು, ಹಸಿರು. ನಾವು ನಾಲ್ವರೂ ಲಿಂಗಸುಗೂರಿಗೆ ಹೋದೆವು. ಹುಲ್ಲನ್ನು ನಾನೇ ಕೊಯ್ದೆ. ಕಲ್ಲು ನಿಜಕ್ಕೂ ಸಣ್ಣದು, ನನ್ನ ಅಂಗಡಿಯ ಟೂಲ್ ಪೆಟ್ಟಿಗೆಯಷ್ಟು. ಹೆಂಡತಿ ಬಳೆಗಳನ್ನು ಮೊದಲು ತನ್ನ ಕೈಗೆ ಏರಿಸಿ, ಅಳತೆ ಸರಿಯಿದೆಯೇ ಎಂದು ನೋಡಿ, ತೆಗೆದು ಕಲ್ಲಿನ ಮೇಲಿಟ್ಟಳು. ಇಟ್ಟು, ಬಗ್ಗಿ, ತನ್ನದೇ ಹೆಸರು ಹಿಡಿದು ಮೆಲ್ಲಗೆ ಕರೆದಳು.

ಶಾಲೆ ಬಿಟ್ಟಾಗ ನನ್ನ ಹತ್ತಿರ ಏನೂ ಇರಲಿಲ್ಲ. ಈಗ ಇರುವುದು ಇಷ್ಟು: ಸಿಂಧನೂರಿನಲ್ಲಿ ಒಂದು ಅಂಗಡಿ, ಎರಡು ವೆಲ್ಡಿಂಗ್ ಮಷಿನ್ನು, ಸಪ್ಪಳ ಮಾಡದ ಗೇಟಿರುವ ಒಂದು ಮನೆ, ಒಬ್ಬಳು ಮಗಳು, ಒಬ್ಬ ಅಳಿಯ, ಒಬ್ಬರು ಮಾವ. ಹ್ಯಾರಿಯೆಟ್ ಇಬ್ಬರು.